ಬ್ರೇಸ್ ಅಂದರೆ ಧೈರ್ಯವಲ್ಲ, ಸುಮಾ

ಸುಮಾ, ನಿನಗೆ ಧೈರ್ಯ ಬೇಕು ಎಂದು ಡಾಕ್ಟರು ಹೇಳಿರಲೇ ಇಲ್ಲ. ಆ ಮಾತು ನನ್ನದು. ಅದು ತಪ್ಪೆಂದು ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ — ನಿನ್ನ ಅತ್ತಿಗೆ.

ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಬಲಭುಜ ಮೇಲೆದ್ದು ಬೆನ್ನು ಒಂದು ಪಕ್ಕಕ್ಕೆ ವಾಲತೊಡಗಿತ್ತು. ಮಲ್ಲಿಪಟ್ಟಣದಿಂದ ಹಾಸನದ ದೊಡ್ಡ ಡಾಕ್ಟರ ಹತ್ತಿರ ನಿನ್ನನ್ನು ಕರೆದೊಯ್ಯಲು ಮನೆಯವರು ಆರಿಸಿದ್ದು ನನ್ನನ್ನು. ಹಾಳೂರಿಗೆ ಉಳಿದವನೇ ಗೌಡ — ಚನ್ನರಾಯಪಟ್ಟಣದಲ್ಲಿ ಪಿಯುಸಿ ಓದಿ ಬಂದ ಹೊಸ ಸೊಸೆಯೇ ಆ ಮನೆಗೆ ಇಂಗ್ಲಿಷ್ ಪಂಡಿತೆ! ಆ ಹೆಸರು ನನಗೆ ಹಿತವಾಗಿಯೂ ಇತ್ತು.

ಡಾಕ್ಟರು ಉತ್ತರದ ಕಡೆಯವರು, ಕನ್ನಡ ಬಾರದು. "ಶೀ ನೀಡ್ಸ್ ಎ ಬ್ರೇಸ್" ಎಂದರು. ನನಗೆ ಗೊತ್ತಿದ್ದದ್ದು ಒಂದೇ ಬ್ರೇಸ್ — ಕಾಲೇಜಿನ ಪಾಠದಲ್ಲಿದ್ದ ‘ಬ್ರೇಸ್ ಯುವರ್‌ಸೆಲ್ಫ್’, ಮನಸ್ಸು ಗಟ್ಟಿ ಮಾಡಿಕೋ ಅಂತ. ‘ಮೆಷರ್‌ಮೆಂಟ್’ ಎಂದದ್ದೂ ಕೇಳಿಸಿತು. ಒಳಗೆ ಬರುವಾಗಲೇ ನಿನ್ನ ಎತ್ತರ, ತೂಕ ನೋಡಿದ್ದರಲ್ಲ, ಅದೇ ಇರಬೇಕು ಎಂದುಕೊಂಡೆ. ಹಾಗಂದರೇನು ಸಾರ್ ಎಂದು ಕೇಳಬಹುದಿತ್ತು. ಆದರೆ ನಿನ್ನ ಎದುರಿಗೆ ಕೇಳುವುದೇ? "ಯೆಸ್ ಡಾಕ್ಟರ್" ಎಂದು ಎದ್ದುಬಂದೆ.

"ಡಾಕ್ಟ್ರು ಏನಂದ್ರವ್ವ?" ಎಂದು ಅತ್ತೆ ಜಗುಲಿಯಲ್ಲೇ ಕೇಳಿದರು.

"ಧೈರ್ಯ ಬೇಕಂತೆ ಅತ್ತೆ. ಬೇರೇನೂ ಬೇಡ್ವಂತೆ."

ಆ ಎರಡನೆಯ ಮಾತು — ಅದನ್ನು ಡಾಕ್ಟರು ಯಾವ ಭಾಷೆಯಲ್ಲೂ ಆಡಿರಲಿಲ್ಲ.

ಅಂದಿನಿಂದ ನೀನು ನೋವು ಎಂದಾಗಲೆಲ್ಲ ಅತ್ತೆಯದು ಒಂದೇ ಮಾತು: "ಧೈರ್ಯ ತಕ್ಕೋ ಕಣಮ್ಮಿ, ಡಾಕ್ಟ್ರೇ ಯೋಳವ್ರೆ." ನೀನು ಹಲ್ಲುಕಚ್ಚಿ ಸ್ಕೂಲಿಗೆ ಹೋಗುತ್ತಿದ್ದೆ.

ಮರುವರ್ಷ ಹೊಳೆನರಸೀಪುರದ ಒಂದು ಮದುವೆಯಲ್ಲಿ ನನ್ನ ಪಕ್ಕದ ಎಲೆಗೆ ನಿನ್ನ ಓರಗೆಯ ಹುಡುಗಿಯೊಬ್ಬಳು ಕೂತಳು. ಅಂಗಿಯ ಒಳಗೆ ಏನೋ ಗಟ್ಟಿ ಕವಚ. ಏನಿದು ಎಂದು ಅವಳ ತಾಯಿಯನ್ನು ಕೇಳಿದೆ.

"ಬೆನ್ನು ಸೊಟ್ಟ ಆಯ್ತಿತ್ತು ಕಣಕ್ಕ, ಅದ್ಕೆ ಆಸರೆ ಆಕವ್ರೆ. ಬ್ರೇಸು ಅಂತಾರೆ. ಬೆಳ್ಯೋ ವಯಸ್ನಾಗೆ ಆಕ್ಬುಟ್ರೆ ಅಲ್ಲಿಗೇ ನಿಲ್ತದಂತೆ."

ಡಾಕ್ಟರು ಹೇಳಿದ್ದ ಬ್ರೇಸ್ ಇದೇ, ಆ ಅಳತೆಯೂ ಇದಕ್ಕೇ. ನಿನಗಾಗ ಇನ್ನೂ ಬೆಳೆಯುವ ವಯಸ್ಸು. ಅಂದೇ ಬಂದು ಹೇಳಿದ್ದರೆ — ಹೇಳಲಿಲ್ಲ. ಇವಳ ಇಂಗ್ಲಿಷ್ ಇಷ್ಟೇನಾ ಎಂದು ಅತ್ತೆ ಆಡಿಕೊಂಡಾರು ಎಂಬ ಭಯ, ಅಷ್ಟೇ. ಮೊದಲ ತಪ್ಪು ತಿಳಿಯದೆ ಆದದ್ದು. ತಿಳಿದ ಮೇಲೂ ಮುಚ್ಚಿಟ್ಟದ್ದು ದ್ರೋಹ, ಅದಕ್ಕೆ ಬೇರೆ ಹೆಸರಿಲ್ಲ.

ಮೊನ್ನೆ ಬಾಗೂರಿನ ನಿನ್ನ ಮನೆಗೆ ಬಂದಾಗ ನೀನು ಕೊಡ ಎತ್ತಲಾರದೆ ಗೋಡೆ ಹಿಡಿದು ನಿಂತಿದ್ದೆ. ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಲು ನಕ್ಕೆಯಲ್ಲ — "ಯಾರ್ನ ಅನ್ನಾದು ಅತ್ಗೆ? ಡಾಕ್ಟ್ರು ಆಗ್ಲೇ ಯೋಳಿದ್ರು. ನಂಗೇ ಧೈರ್ಯ ಸಾಲ್ದೆ ಓಯ್ತು."

ಅದಕ್ಕೂ ತಲೆಯಾಡಿಸಿ ಬಂದುಬಿಟ್ಟೆ.

ಇನ್ನಾಗದು. ನಿನ್ನೆದುರು ನಿಂತಾಗ ಮಾತು ತಪ್ಪಿಸಿಕೊಳ್ಳಬಾರದೆಂದು ಮೊದಲು ಇಲ್ಲಿ ಬರೆದುಕೊಂಡಿದ್ದೇನೆ. ಭಾನುವಾರ ಅತ್ತೆಯನ್ನೂ ನಿನ್ನ ಅಣ್ಣನನ್ನೂ ಕರೆದುಕೊಂಡೇ ಬರುತ್ತೇನೆ. ನಿನ್ನ ಗಂಡ, ಮಕ್ಕಳೂ ಅಲ್ಲೇ ಇರಲಿ. ಕ್ಷಮಿಸು ಎಂದು ಕೇಳುವುದಕ್ಕಲ್ಲ. ನಿನಗೆ ಧೈರ್ಯ ಎಂದೂ ಕಡಿಮೆಯಿರಲಿಲ್ಲ, ಕಡಿಮೆಯಿದ್ದದ್ದು ನನಗೆ — ಇದು ಅವರೆಲ್ಲರ ಕಿವಿಗೆ ಬೀಳಬೇಕು. ಆಮೇಲೆ ನೀನು ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡರೂ ಸರಿಯೇ.