ಕಂಬಳಿಗೆ ಪ್ರವೇಶ, ಹುಡುಗಿಗೆ ವಿಚಾರಣೆ

ಗೆಳೆಯರೇ, ಇವತ್ತು ಜಹೀರಾಬಾದಿನಲ್ಲಿ ನನ್ನ ತಂಗಿಯ ಮಗಳು ಸುಜಾತಳಿಗೆ ಬಾಡಿಗೆ ಖೋಲಿ ಕೇಳಲು ಹೋಗಿದ್ದೆವು. ಕಾಲೇಜಿನ ಹತ್ತಿರ ಅಗ್ಗದ ಖೋಲಿ ಅದೊಂದೇ. ಬೇರೆ ಕಡೆ ಬಾಡಿಗೆ ಕಟ್ಟಿದರೆ ಮೆಸ್ಸಿನ ಊಟಕ್ಕೆ ಏನೂ ಉಳಿಯುವುದಿಲ್ಲ.

ಮನೆಯೊಡತಿ ಬಾಡಿಗೆ ಹೇಳುವ ಮೊದಲೇ ಕೇಳಿದಳು: "ನೀವು ಯಾರ ಪೈಕಿ ರೀ?"

ನನಗೆ ಉರಿಯಿತು. "ಖೋಲಿ ಕೇಳಾಕ ಬಂದೀವಿ, ಬೀಗತನ ಮಾಡಾಕಲ್ಲ!"

"ಹಂಗಲ್ರೀ ಅಣ್ಣಾರ, ದೇವರ ಖೋಲಿ ಬಾಜೂಕೇ ಅದ. ಮಡಿ ನೋಡಬೇಕಾಗ್ತದ."

ಸುಜಾತ ನನ್ನ ಕೈ ಹಿಡಿದು ಸುಮ್ಮನಾಗಿಸಿ, ಬಾಗಿಲು ತೆರೆದಿದ್ದ ದೇವರ ಖೋಲಿಯತ್ತ ಬೆರಳು ತೋರಿದಳು. "ನಾವು ಕುರುಬರು ರೀ ಕಾಕು. ನಿಮ್ಮ ದೇವರ ಮುಂದ ಹಾಸಿದ ಕರಿ ಕಂಬಳಿ ಅದಲಾ, ಅದು ನಮ್ಮಂಥೋರ ಮನ್ಯಾಗೇ ನೇಯ್ದದ್ದು. ಕುರಿ ಉಣ್ಣೆ ಒಳಗ ಕುಂತದ, ಕುರಿ ಕಾಯೋರ ಮಗಳು ಹೊರಗ ನಿಲ್ಲಬೇಕೇನ್ರಿ?"

ಮನೆಯೊಡತಿ ಕಂಬಳಿ ನೋಡಿದಳು, ಹುಡುಗಿಯನ್ನು ನೋಡಿದಳು. ಕೀಲಿಕೈ ಕೊಟ್ಟು ಮೆಲ್ಲಗೆ ಅಂದಳು: "ಅದು ಹಳೇದಾಗ್ಯದವ್ವ. ಊರಿಂದ ಹೊಸಾದೊಂದು ತಂದ್ರ ಮೊದಲ ತಿಂಗಳ ಬಾಡಿಗಿ ಬ್ಯಾಡ."

ಮಡಿಯ ವಿರುದ್ಧ ಮೈಕು ಹಿಡಿದು ಇಷ್ಟು ವರ್ಷ ಗಂಟಲು ಹರಿದುಕೊಂಡವನು ನಾನು. ಆ ಮಡಿ ಒಂದು ಕಂಬಳಿಯ ಬೆಲೆಗೆ ಇಳಿಯುತ್ತದೆಂದು ಯಾರೂ ಹೇಳಿರಲಿಲ್ಲ.