ನನ್ನ ಬದಿಯ ಗಾಜು

ಕಾರಿನ ಬಾಗಿಲನ್ನು ಬಿಚ್ಚಿದಾಗ ಒಳಗಿನಿಂದ ಒಂದು ವಾಸನೆ ಬರುತ್ತದೆ. ನೀವೂ ಮೂಸಿರಬಹುದು. ಹಳೆಯ ಗ್ರೀಸು, ಒದ್ದೆ ರಬ್ಬರು, ಎಷ್ಟೋ ಬೇಸಿಗೆಗಳ ಕರಿಮಣ್ಣಿನ ಧೂಳು. ಅಫಜಲಪುರದ ಹೊರಗಿನ ಗ್ಯಾರೇಜಿನಲ್ಲಿ, ಹಳೆಯ ಟೈರುಗಳ ಪಕ್ಕ ಹಾಕಿಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಇವತ್ತು ಅದನ್ನು ಮೂಸುತ್ತಿದ್ದೆ. ಬಿಚ್ಚಿದ್ದು ನನ್ನ ಬದಿಯ ಬಾಗಿಲು. ಕಾರು ನಮ್ಮ ಮನೆಯವರದು, ಓಡಿಸುವವರೂ ಅವರೇ. ಪಕ್ಕದ ಬದಿ ಮಾತ್ರ ನನ್ನದೆಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ.

ಆ ಬದಿಯ ಗಾಜು ಕೆಟ್ಟು ವರ್ಷಗಳಾಗಿದ್ದವು. ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಇವತ್ತು ಮುಂಜಾನೆ ನೋಡಿದರೆ ಅರ್ಧಕ್ಕೆ ಇಳಿದು ನಿಂತಿದೆ. ಸುಟ್ಟುಹೋದ ಮೋಟರು ಗಾಜನ್ನು ಹೇಗೆ ಇಳಿಸಿತು? ಕೇಳಲು ಬಾಯಿ ತೆರೆದೆ, ಮುಚ್ಚಿದೆ. ನನ್ನ ಬಾಯಿಗೆ ಮೋಟರು ಬೇಕಾಗುವುದಿಲ್ಲ.

ಅದು ಕೆಟ್ಟ ದಿನದ ಕಥೆ ಹೇಳುತ್ತೇನೆ, ಆದರೆ ಪೂರ್ತಿ ನಂಬಬೇಡಿ. ನನಗೆ ನಾನೇ ಹೇಳಿಕೊಂಡು ಅದನ್ನು ಬಹಳ ಸವೆಸಿದ್ದೇನೆ.

ನನ್ನ ತವರು ಗೊಬ್ಬೂರ, ನಾವು ಕಲಬುರಗಿಗೆ ಹೋಗುವ ದಾರಿಯಲ್ಲೇ. ನಾನು ಚೊಚ್ಚಲ ಬಸುರಿ ಇದ್ದಾಗ ಅಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ನಮ್ಮ ಮನೆಯವರ ಕಾಕಾನಿಗೆ ಬಟ್ಟೆಯ ಉಡುಗೊರೆ, ಆಯೇರಿ ಮಾಡುವುದನ್ನು ತವರಿನವರು ಮರೆತರು. ಬಟ್ಟೆ ತಂದಿದ್ದರು, ಟ್ರಂಕಿನಲ್ಲೇ ಉಳಿಯಿತು. ಕಾಕಾ ಊಟದ ನಡುವೆಯೇ ಎದ್ದರು. ನಮ್ಮ ಮನೆಯವರು ಹಂದರದಲ್ಲೇ ನಿಂತು ಆಣೆ ಹಾಕಿದರು: "ಇನ್ನ ನನ್ನ ಹೆಂಡ್ತಿ ಈ ಊರ ನೆಲಕ್ಕ ಕಾಲ್ ಇಡಂಗಿಲ್ಲ." ಕಾಲು ನನ್ನವು, ಆಣೆ ಅವರದು. ನಮ್ಮ ಕಡೆ ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುವುದಿಲ್ಲ.

ಅವ್ವ ಆ ಆಣೆಯಲ್ಲೇ ಒಂದು ಸಂದು ಹುಡುಕಿದಳು. ಮಗಳು ತವರಿನ ಸೀಮೆಯಿಂದ ಬರಿ ಉಡಿಯಲ್ಲಿ, ಮಡಿಲು ತುಂಬಿಸಿಕೊಳ್ಳದೆ ಹೋಗಬಾರದು. ನೆಲಕ್ಕೆ ಕಾಲಿಡಬಾರದು ಅಂದರಲ್ಲವೇ, ಕಿಟಕಿಗೆ ಆಣೆ ಇಲ್ಲವಲ್ಲ! ನಾವು ಕಲಬುರಗಿಗೆ ಹೊರಟ ದಿನ ಫೋನಿನಲ್ಲಿ ತಿಳಿದುಕೊಂಡು ರಸ್ತೆ ಬದಿಯ ಚಹಾದ ಅಂಗಡಿ ಮುಂದೆ ತಾಟು ಹಿಡಿದು ನಿಲ್ಲುತ್ತಿದ್ದಳು. ಗಾಜು ಇಳಿಯುತ್ತಿತ್ತು. ಹಣೆಗೆ ಕುಂಕುಮ, ನನ್ನ ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಖಣ. ನಮ್ಮ ಮನೆಯವರು ಇಂಜಿನ್ ಬಂದ್ ಮಾಡದೆ, ಎದುರಿನ ರಸ್ತೆಯನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಸಲ ಅವ್ವನ ನಾಲಿಗೆ ಸುಮ್ಮನಿರಲಿಲ್ಲ. ಕಿಟಕಿಯೊಳಗೆ ಬಗ್ಗಿ, "ಅಳಿಯಂದ್ರ, ಗಾಲಿಗಿ ನಮ್ಮೂರ ಮಣ್ಣು ಹತ್ಯಾದಲ್ರಿ, ಮನಿಗಿ ಹೋಗಿ ತೊಳ್ಸೂದು ಮರೀಬ್ಯಾಡ್ರಿ!" ಎಂದಳು. ಚಹಾದ ಅಂಗಡಿಯಲ್ಲಿ ಕೂತವರು ನಕ್ಕರು. ನಾನೂ ನಕ್ಕೆನೆಂದು ಈಗ ಅನ್ನಿಸುತ್ತದೆ. ಆಗ ಅಷ್ಟು ಧೈರ್ಯ ಇತ್ತೋ ಇಲ್ಲವೋ.

ಮುಂದಿನ ಸಲ ಗಾಜು ಇಳಿಯಲಿಲ್ಲ. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ. ಕಾರು ಮೆಲ್ಲಗೆ ಉರುಳುತ್ತಲೇ ಇತ್ತು. "ಮೋಟರ್ ಸುಟ್ಟದ," ಎಂದರು ನಮ್ಮ ಮನೆಯವರು. "ಹಿಂದ ಲಾರಿ ಬರಾಕತ್ತದ, ನಿಲ್ಸಾಕ ಆಗಂಗಿಲ್ಲ." ಅವ್ವ ತಾಟು ಹಿಡಿದು ಪಕ್ಕದಲ್ಲೇ ನಡೆದಳು. ಒಮ್ಮೊಮ್ಮೆ ನೆನಪಿನಲ್ಲಿ ಓಡುತ್ತಾಳೆ; ಅದು ಸುಳ್ಳಿರಬೇಕು, ಅವಳ ಮೊಣಕಾಲು ಓಡುವಂಥವಲ್ಲ. ಗಾಜಿಗೆ ಅವಳ ಬೆರಳಿನ ಕುಂಕುಮ ಹತ್ತಿತೆಂದೂ ನೆನಪು. ಕಥೆಗೆ ಬಣ್ಣ ಬೇಕೆಂದು ಆಮೇಲೆ ನಾನೇ ಹಚ್ಚಿರಬಹುದು. ಇಳಿಯದ ಗಾಜು ಮಾತ್ರ ನಿಜ. ತುಂಬದೆ ಮರಳಿದ ಉಡಿಯ ಅಕ್ಕಿಯನ್ನು ತವರಿನಲ್ಲಿ ಏನು ಮಾಡುತ್ತಾರೆ? ಅನ್ನಕ್ಕೆ ಇಡುತ್ತಾರೆಯೇ?

ಸಂಜೆ ಫೋನಿನಲ್ಲಿ ಅವ್ವ, "ಬಿಡವ್ವ, ಮಿಷನ್ನಿಗಿ ಯಾರೇನ್ ಮಾಡಾಕ ಬರ್ತದ. ಅದಕ್ಕೇನ್ ನಮ್ಮ ಮ್ಯಾಲ ಸಿಟ್ಟದನು?" ಎಂದಳು. ಮತ್ತೆ ರಸ್ತೆಗೆ ಬರಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡಳು. ಮಣ್ಣಿಗೆ ನಮ್ಮ ಮನೆಯವರೇ ಕರೆದುಕೊಂಡು ಹೋದರು, ದೊಡ್ಡ ಹಾರವನ್ನೂ ತಂದರು. ಸಾವಿಗೆ ಆಣೆ ಅಡ್ಡ ಬರುವುದಿಲ್ಲವಂತೆ.

ಆಮೇಲೆ ನಾನು ಆ ಗುಂಡಿಯನ್ನು ಮುಟ್ಟಲಿಲ್ಲ. ಒಂದು ಮಾತು ಹೇಳಲೇಬೇಕು: ಆ ಸುಟ್ಟ ಮೋಟರಿನ ಋಣದಲ್ಲೇ ನಾನು ಸಂಸಾರ ಮಾಡಿದೆ. ತಪ್ಪು ಅದರದಾಗಿದ್ದರೆ ಈ ಮನುಷ್ಯನ ಎದುರು ಕೂತು ಉಣ್ಣಬಹುದಿತ್ತು. ಉಂಡೆ.

ಇವತ್ತು ಗ್ಯಾರೇಜಿನ ಮಿಸ್ತ್ರಿ ಬಾಗಿಲಿನೊಳಗೆ ಕೈ ಹಾಕಿ, "ಯಾವಾಗಿಂದ ಬಂದ್ ಅದರಿ ಸಾವ್ಕಾರ್ರ?" ಎಂದು ಕೇಳಿದ.

"ನಿನ್ನಿ ಸಂಜಿಯಿಂದ," ಎಂದರು ನಮ್ಮ ಮನೆಯವರು. "ನಮ್ಮ ಗೆಳ್ಯಾ ಕುಂತಿದ್ದ. ತಂಬಾಕ ಉಗಳಾಕ ಇಳಿಸ್ದ, ಮತ್ತ ಏರ್ಲೇ ಇಲ್ಲ."

"ಮೊದ್ಲ ಎಂದರ ಕೈ ಕೊಟ್ಟಿತ್ತೇನ್ರಿ?"

"ಒಮ್ಮಿನೂ ಇಲ್ಲ. ಬೆಣ್ಣಿಯಂಗ ಇಳೀತಿತ್ತು."

ನಾನು ಅಲ್ಲಿ ಕೂತಿರುವುದು ಅವರಿಗೆ ಮರೆತೇಹೋಗಿತ್ತು. ಮಿಸ್ತ್ರಿ ನಕ್ಕ. "ಕೆಲವ್ರು ಡ್ರೈವರ್ ಬಾಜೂ ಲಾಕ್ ಒತ್ತಿರ್ತಾರ್ರಿ. ಆ ಕಡಿ ಗ್ಲಾಸ್ ಇಳ್ಯಂಗಿಲ್ಲ. ಮೋಟರ್ ಸುಟ್ಟದಂತ ಇಲ್ಲಿಗಿ ಓಡಿ ಬರ್ತಾರ."

"ಅದು ನಂಗ ಗೊತ್ತಿಲ್ಲೇನಲೇ?"

ನಾನು ಎದ್ದು ಹತ್ತಿರ ಹೋದೆ. "ಅವತ್ತ ಲಾಕ್ ಒತ್ತಿದ್ರೇನ್ರಿ?"

"ಯಾವತ್ತ?"

"ಅವ್ವ ತಾಟ ಹಿಡ್ಕೊಂಡು ನಿಂತಾಗ."

ಅವರು ನನ್ನ ಮುಖ ನೋಡಿದರು, ಅಲ್ಲಿ ಏನೋ ಬರೆದಿರಬಹುದು ಎನ್ನುವ ಹಾಗೆ. "ಎಷ್ಟ್ ವರ್ಷದ ಮಾತ ತಗೀತಿ ಬೇ. ಅದೆಲ್ಲ ನಂಗೇನ್ ನೆಪ್ಪ ಅದ?"

ಸುಳ್ಳೆಂದು ಹೇಳಲಾರೆ. ನಿಜವಾಗಿಯೂ ಮರೆತಿರಬಹುದು. ಅವ್ವನನ್ನು ನಾನು ಇಷ್ಟು ವರ್ಷ ಆ ರಸ್ತೆಯಲ್ಲಿ ನಡೆಸಿದೆ, ಓಡಿಸಿದೆ. ಅವರ ನೆನಪಿನಲ್ಲಿ ಅವಳು ನಿಂತೇ ಇರಲಿಲ್ಲ. ಸುಳ್ಳಾದರೂ ಹೇಳಬಾರದಿತ್ತೇ ಅನ್ನಿಸಿತು.

ಹೊಸ ಮೋಟರು ಕೂತಿತು. "ಅಕ್ಕಾರ, ಒಳಗ ಕುಂತು ಒಮ್ಮಿ ಒತ್ತಿ ನೋಡ್ರಿ," ಎಂದ ಮಿಸ್ತ್ರಿ. ಒತ್ತಿದೆ. ಗಾಜು ಇಳಿಯಿತು. ಪಕ್ಕದಲ್ಲಿ ನಮ್ಮ ಮನೆಯವರು ಬಂದು ಕೂತರು.

"ಏರ್ಸು. ಧೂಳ ಬರ್ತದ."

ನಾನು ಏರಿಸಲಿಲ್ಲ. ಅವರು ತಮ್ಮ ಕಡೆ ಇದ್ದ ನನ್ನ ಗಾಜಿನ ಗುಂಡಿ ಎತ್ತಿ ಹಿಡಿದರು. ನಾನು ನನ್ನದನ್ನು ಕೆಳಗೆ ಒತ್ತಿ ಹಿಡಿದೆ. ಗಾಜು ಅರ್ಧದಲ್ಲಿ ನಡುಗುತ್ತ ನಿಂತಿತು. ಬಾಗಿಲಿನೊಳಗಿಂದ ಮುಲುಕುವಂಥ ಸದ್ದು.

ಮಿಸ್ತ್ರಿ ಓಡಿ ಬಂದ. "ಇಬ್ರೂ ಒಮ್ಮಿಗೇ ಒತ್ತಬ್ಯಾಡ್ರಿ! ಯಾರರ ಒಬ್ರು ಬಿಡ್ರಿ! ಹೊಸಾ ಮೋಟರ್ ಸುಡ್ತದ!"

ಸುಡಲಿ. ನಾನು ಬೆರಳು ತೆಗೆಯಲಿಲ್ಲ.