ವೇದಿಕೆಯ ಮೇಲೆ ಅಮ್ಮನ ಚೀಲ

ಕೈರೋದ ಚೀನೀ ಹೆಂಗಸರ ಮಧ್ಯೆ ಕೂತಾಗಲೆಲ್ಲ ರುಯ್‌ಫೆನ್ ಬಿಡದೆ ಹೇಳುತ್ತಿದ್ದ ಮಾತು ಒಂದೇ: "ನಾನು ಈ ದೇಶಕ್ಕೆ ಬಂದಿದ್ದೇ ಕಂಪನಿ ಲೆಕ್ಕ ನೋಡೋಕೆ."

ಎಲ್ಲಿಯ ಕಂಪನಿ! ಊರಲ್ಲಿ ತಾನು ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಬಂದವಳು ಅವಳು. ಪೈಜಾಮ, ನೈಟಿ, ತಲೆವಸ್ತ್ರ ತುಂಬಿದ ದೊಡ್ಡ ಚೀಲ ಹೊತ್ತು, ಲಿಫ್ಟಿಲ್ಲದ ಕಟ್ಟಡಗಳನ್ನು ಹತ್ತಿ ಬಾಗಿಲು ಬಾಗಿಲು ತಟ್ಟಿದವಳು. ಅರಬ್ಬಿ ಬಾರದಿದ್ದಾಗ ಬೆರಳಲ್ಲೇ ಚೌಕಾಸಿ ಮಾಡುತ್ತಿದ್ದಳು. ಯಾವುದೋ ಮನೆಯ ಅಜ್ಜಿ ಒಳಗೆ ಕರೆದು ಚಹಾ ಕೊಟ್ಟರೆ ಪಕ್ಕದ ಮನೆಯವರು ಮುಖಕ್ಕೇ ಬಾಗಿಲು ಹಾಕುತ್ತಿದ್ದರು. ಅದೇ ಚೀಲದಿಂದಲೇ ಈಗಿನ ಬಟ್ಟೆ ಅಂಗಡಿ ಎದ್ದದ್ದು ನೋಡಿ! ಆದರೆ ಆ ಕಥೆ ಮನೆಯೊಳಗೆ ಮಾತ್ರ. ಮಗಳು ಆನ್ಚಿ ಊಟ ಬೇಡವೆಂದು ಹಟ ಹಿಡಿದರೆ ರುಯ್‌ಫೆನ್ ದಿಂಬು ಹೆಗಲಿಗೇರಿಸಿ, ಬೆನ್ನು ಬಗ್ಗಿಸಿ, ಅಡುಗೆಮನೆಯ ಬಾಗಿಲು ತಟ್ಟಿ ನಟಿಸಿ ತೋರಿಸುವಳು. ಮಗಳು ನಕ್ಕು ನಕ್ಕು ತಟ್ಟೆ ಖಾಲಿ ಮಾಡುವಳು.

ಆ ವರ್ಷ ಹೊಸವರ್ಷದ ಹಬ್ಬಕ್ಕೆ ಚೀನಾದಿಂದ ಮೇಷ್ಟ್ರುಗಳ ತಂಡವೊಂದು ಬಂತು. ಶುಕ್ರವಾರದ ಚೀನೀ ಪಾಠಶಾಲೆಯ ಮಕ್ಕಳಿಗೆ ಭಾಷಣ ಸ್ಪರ್ಧೆ, ವಿಷಯ 'ನಮ್ಮ ಮನೆ'. ರುಯ್‌ಫೆನ್ ತಾನೇ ಕೂತು ಭಾಷಣ ಬರೆದಳು. ಅದರಲ್ಲಿ ತಾತ ದೊಡ್ಡ ವಿದ್ವಾಂಸ, ಅಮ್ಮ ಕಂಪನಿಯ ಲೆಕ್ಕಾಧಿಕಾರಿ. ಆನ್ಚಿ ಗಿಣಿಯಂತೆ ಬಾಯಿಪಾಠ ಮಾಡಿದಳು.

ವೇದಿಕೆ ಹತ್ತಿ ಎರಡು ವಾಕ್ಯ ಹೇಳುವಷ್ಟರಲ್ಲಿ ಹುಡುಗಿಗೆ ಎಲ್ಲ ಮರೆತುಹೋಯಿತು. ಕಣ್ಣು ಪಿಳಿಪಿಳಿ ಬಿಟ್ಟವಳು ಫಕ್ಕನೆ ತನ್ನ ಕೋಟು ಬಿಚ್ಚಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು, ಬೆನ್ನು ಬಗ್ಗಿಸಿ ಗಾಳಿಯಲ್ಲೇ ಬಾಗಿಲು ತಟ್ಟಿದಳು.

"ನಮಸ್ಕಾರ ಮೇಡಮ್! ಪೈಜಾಮ ನೋಡಿ, ತೊಳೆದ್ರೂ ಬಣ್ಣ ಬಿಡಲ್ಲ! ಬಿಟ್ರೆ ಆ ಬಣ್ಣ ನನ್ ಮುಖಕ್ಕೇ ಬಳೀರಿ! ಇದು ನಮ್ಮಮ್ಮ. ಹಿಂಗೇ ಮೆಟ್ಲು ಹತ್ತಿ ಹತ್ತಿ ನಮ್ಮನೆ ಕಟ್ಟಿದ್ದು!"

ಸಭೆಯೆಲ್ಲ ನಗು, ಚಪ್ಪಾಳೆ. ರುಯ್‌ಫೆನ್‌ಗೆ ಕಿವಿಯಿಂದ ಕತ್ತಿನವರೆಗೂ ಬೆಂಕಿ ಹತ್ತಿದಂತಾಯಿತು.

ಪಕ್ಕದಲ್ಲಿದ್ದ ಹೋಟೆಲಿನ ಪಂಗ್ ಅಕ್ಕ ಮೊಣಕೈಯಿಂದ ತಿವಿದಳು. "ಏನೇ, ಲೆಕ್ಕ ನೋಡೋಕೆ ಬಂದೆ ಅಂತಿದ್ಯಲ್ಲ, ಮೆಟ್ಲು ಲೆಕ್ಕಾನಾ?"

ಉಳಿದ ಮಕ್ಕಳ ಸರದಿಯೂ ಮುಗಿದ ಮೇಲೆ ಮೈಕು ಹೇಳಿತು: "ಮೊದಲನೇ ಬಹುಮಾನ ಆನ್ಚಿಗೆ! ಈ ಮಗೂನ ತಾಯಿ ದಯವಿಟ್ಟು ಮೇಲೆ ಬರ್ಬೇಕು."

"ಫೋನ್ ಬಂತು ಅಕ್ಕಾ," ಅಂದವಳೇ ರುಯ್‌ಫೆನ್ ಎದ್ದು ಹೊರಗೆ ಹೋಗಿ ಬಾಗಿಲ ಹಿಂದೆ ನಿಂತುಬಿಟ್ಟಳು. ಬಾಗಿಲಿನ ಗಾಜಿನಲ್ಲಿ ವೇದಿಕೆ ಕಾಣುತ್ತಿತ್ತು. ಮೈಕು ಮತ್ತೆ ಕರೆಯಿತು. ಕಾಲು ಕದಲಲಿಲ್ಲ. ಆನ್ಚಿ ಸಾಲು ಸಾಲಾಗಿ ಹುಡುಕಿದಳು. ಖಾಲಿ ಕುರ್ಚಿ ನೋಡಿದಳು. ಆಮೇಲೆ ಅವಳ ನೋಟ ನೇರ ಆ ಗಾಜಿಗೇ ಬಂದು ನಿಂತಿತು.

"ಅಮ್ಮ ಬಂದಿಲ್ಲ ಮೇಷ್ಟ್ರೇ. ಅಂಗಡೀಲಿ ಗಿರಾಕಿ ಇದ್ರು."

ಬಹುಮಾನದ ಕುಂಚಗಳ ಡಬ್ಬಿಯನ್ನು ಒಬ್ಬಳೇ ತೆಗೆದುಕೊಂಡಳು.

ಕಾರ್ಯಕ್ರಮ ಮುಗಿದು ಇಬ್ಬರೂ ರಸ್ತೆಗೆ ಬಂದರು. ಮಗಳು ಒಂದು ಮಾರು ದೂರದಲ್ಲೇ ನಡೆಯುತ್ತಿದ್ದಳು.

"ಅಮ್ಮಾ, ಅದು ಮನೇಲಿ ಮಾತ್ರ ಹೇಳೋ ಕಥೆ ಅಂತ ನಂಗೆ ಗೊತ್ತಿರ್ಲಿಲ್ಲ. ಇನ್ಮೇಲೆ ಹೇಳಲ್ಲ. ಬೈಬೇಡ."

ತಪ್ಪು ನಿನ್ನದಲ್ಲ ಮಗಳೇ ಅನ್ನಬೇಕಿತ್ತು. ಅದರ ಬದಲು ರುಯ್‌ಫೆನ್, "ಕೋಟು ಹಾಕ್ಕೋ, ಚಳಿ," ಅಂದಳು.

ಆಗಲೇ ಪಂಗ್ ಅಕ್ಕನ ಕಾರು ಪಕ್ಕಕ್ಕೆ ಬಂದು ನಿಂತಿತು. "ಹತ್ಕೊಳ್ರೇ, ಬಿಡ್ತೀನಿ. ಏನ್ ಚೆನ್ನಾಗ್ ಮಾಡ್ತು ಕೂಸು! ನಿಜ ಹೇಳು, ಯಾರು ಕಲಿಸಿದ್ದು?"

ನಿಜ ಹೇಳಲು ಇಷ್ಟು ಸಲೀಸಾದ ಅವಕಾಶ ಇನ್ನೆಲ್ಲಿ ಸಿಕ್ಕೀತು? ಆದರೂ ರುಯ್‌ಫೆನ್ ಬಾಯಿಂದ ಬಂದದ್ದು, "ಯಾವ್ದೋ ಟೀವಿ ನಾಟಕ ನೋಡಿ ಕಲ್ತಿರ್ಬೇಕು ಅಕ್ಕಾ."

ಪಂಗ್ ಅಕ್ಕ ನಗಲಿಲ್ಲ. ಅಷ್ಟರಲ್ಲಿ ಕಾರು ಹತ್ತಿ ಕೂತಿದ್ದ ಹುಡುಗಿಯ ಮುಖವನ್ನು ಕನ್ನಡಿಯಲ್ಲಿ ನೋಡಿದಳು.

"ಹೂಂ ಆಂಟಿ, ಟೀವೀಲೇ," ಅಂದಳು ಆನ್ಚಿ. ಹಿಂದಿನ ಸೀಟಿನಲ್ಲಿ ಮೂಲೆಗೆ ಸರಿದು ಅಮ್ಮನಿಗೆ ಜಾಗ ಮಾಡಿಕೊಟ್ಟಳು.